ಬೆಂಗಳೂರಲ್ಲಿ ರೀಸೇಲ್ ಫ್ಲಾಟ್: ಬ್ರೋಕರ್ ಜೊತೆ ವ್ಯವಹಾರ, ಮನೆ ತಪಾಸಣೆ, ಟೋಕನ್, ಯಾವುದು ಮೊದಲು ಯಾವುದು ಆಮೇಲೆ

ಬೆಂಗಳೂರಲ್ಲಿ ರೀಸೇಲ್ ಫ್ಲಾಟ್ ಹುಡುಕ್ತಾ ಇರೋರಿಗೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಟೋಕನ್ ಅಡ್ವಾನ್ಸ್ ಕೈ ಬಿಟ್ಟು ಹೋಗೋ ಮುಂಚೆ ಮನೆ ತಪಾಸಣೆ ಮುಗಿದಿರ್ಬೇಕು, ಪೇಪರ್ಸ್ ಮೇಲ್ನೋಟಕ್ಕಾದ್ರೂ ನೋಡಿ ಆಗಿರ್ಬೇಕು. ಇಲ್ಲಿ ನಡೆಯೋದು ಉಲ್ಟಾ. ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಮನೆ ತೋರಿಸ್ತಾರೆ, ಬಾಲ್ಕನಿಯಲ್ಲಿ ನಿಲ್ಲಿಸಿ ಗಾಳಿ ಬೆಳಕು ಹೊಗಳ್ತಾರೆ, ಕೆಳಗಿಳಿದು ಬರೋವಷ್ಟರಲ್ಲಿ "ಸರ್, ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದಾರೆ, ಒಂದು ಲಕ್ಷ ಟೋಕನ್ ಹಾಕ್ಬಿಡಿ, ಪೇಪರ್ಸ್ ಆಮೇಲೆ ನೋಡ್ಕೊಂಡ್ರಾಯ್ತು" ಅಂತಾರೆ. ಆ ಒಂದು ಲಕ್ಷ ಹೋದ್ಮೇಲೆ ನೀವು ಏನೇ ತಪ್ಪು ಕಂಡುಹಿಡಿದ್ರೂ ನಿಮ್ಮ ಮಾತಿಗೆ ತೂಕ ಇರಲ್ಲ, ಯಾಕಂದ್ರೆ ದುಡ್ಡು ಅವ್ರ ಹತ್ರ ಇದೆ.

ಈ ಕ್ರಮಾನ ಹೇಗೆ ತಿರುಗಿಸೋದು ಅನ್ನೋದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೀತಾ ಇದೀನಿ. ಸೈಟು, ಇಂಡಿಪೆಂಡೆಂಟ್ ಮನೆ ತಗೊಳ್ಳೋರಿಗೂ ಬಹಳಷ್ಟು ಉಪಯೋಗ ಆಗತ್ತೆ, ಆದ್ರೆ ಮುಖ್ಯವಾಗಿ ಇದು ಫ್ಲಾಟ್ ಬಗ್ಗೆ.

ಹೆಜ್ಜೆ 1: ಬ್ರೋಕರ್ ಯಾರ ಪರ ಅನ್ನೋದು ಸ್ಪಷ್ಟ ಮಾಡ್ಕೊಳ್ಳಿ

ಒಳ್ಳೆ ಬ್ರೋಕರ್‌ಗಳು ಖಂಡಿತ ಇದಾರೆ, ಏರಿಯಾ ಬಗ್ಗೆ ಅವ್ರಿಗೆ ಗೊತ್ತಿರೋದು ನಮಗೆ ಆರು ತಿಂಗಳು ಸುತ್ತಿದ್ರೂ ಗೊತ್ತಾಗಲ್ಲ. ಯಾವ ಬಿಲ್ಡಿಂಗಲ್ಲಿ ಅಸೋಸಿಯೇಷನ್ ಜಗಳ ಇದೆ, ಯಾವ ರೋಡಲ್ಲಿ ಮಳೆ ಬಂದ್ರೆ ನೀರು ನಿಲ್ಲತ್ತೆ, ಯಾವ ಓನರ್ ಅರ್ಜೆಂಟಲ್ಲಿ ಮಾರ್ತಾ ಇದಾರೆ, ಎಲ್ಲಾ ಅವ್ರಿಗೆ ಗೊತ್ತಿರತ್ತೆ. ಆದ್ರೆ ಅವ್ರಿಗೆ ಕಮಿಷನ್ ಸಿಗೋದು ಡೀಲ್ ಆದ್ರೆ ಮಾತ್ರ, ಅದೂ ಎಷ್ಟೋ ಸಲ ಎರಡೂ ಕಡೆಯಿಂದ. ಹಾಗಾಗಿ ಅವ್ರು ಕೆಟ್ಟೋರಲ್ಲದಿದ್ರೂ ಡೀಲ್ ಕೆಡಿಸೋ ಮಾತು ಅವ್ರ ಬಾಯಿಂದ ತಾನಾಗೇ ಬರಲ್ಲ, ನೀವೇ ಕೇಳಿ ಹೊರಗೆ ತೆಗೀಬೇಕು. "ಮಾರೋರ ಕಡೆಯಿಂದಲೂ ಕಮಿಷನ್ ತಗೊಳ್ತೀರಾ" ಅಂತ ನೇರವಾಗಿ ಕೇಳಿ, ಅದರಲ್ಲಿ ತಪ್ಪೇನಿಲ್ಲ.

ಬೆಂಗಳೂರಲ್ಲಿ ಮಾರಾಟಕ್ಕೆ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ಕೇಳ್ತಾರೆ. ಜಿಎಸ್‌ಟಿ ರಿಜಿಸ್ಟ್ರೇಷನ್ ಇರೋ ಸಂಸ್ಥೆ ಆದ್ರೆ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. 80 ಲಕ್ಷದ ಫ್ಲಾಟಿಗೆ 1 ಪರ್ಸೆಂಟ್ ಅಂದ್ರೆ 80 ಸಾವಿರ, 2 ಅಂದ್ರೆ 1 ಲಕ್ಷದ 60 ಸಾವಿರ, ಅಂದ್ರೆ ಚೌಕಾಸಿ ಮಾಡೋಕೆ ಜಾಗ ಇದೆ ಅಂತ ಅರ್ಥ. ಮನೆ ನೋಡೋಕೆ ಮುಂಚೆಯೇ ಈ ಮಾತು ಮುಗಿಸಿ, ವಾಟ್ಸಾಪಲ್ಲಿ ಬರೆಸ್ಕೊಳ್ಳಿ: ಎಷ್ಟು ಪರ್ಸೆಂಟ್, ಜಿಎಸ್‌ಟಿ ಸೇರಿ ಅಥವಾ ಬೇರೆ, ಯಾವಾಗ ಕೊಡೋದು. ಅಗ್ರಿಮೆಂಟ್ ದಿನ ಅರ್ಧ ಕೊಡಿ ಅಂತ ಕೇಳೋದು ರೂಢಿ. ನನ್ನ ಅಭಿಪ್ರಾಯದಲ್ಲಿ ಪೂರ್ತಿ ಕಮಿಷನ್ ರಿಜಿಸ್ಟ್ರೇಷನ್ ದಿನಾನೇ ಕೊಡ್ಬೇಕು, ಅಗ್ರಿಮೆಂಟ್ ಆದ್ಮೇಲೂ ಲೋನು ಪೇಪರ್ಸು ಅಂತ ಕೆಲಸ ಬೆಟ್ಟದಷ್ಟು ಇರತ್ತೆ, ಅಲ್ಲೀವರೆಗೂ ಅವ್ರು ಫೋನ್ ಎತ್ಬೇಕಲ್ಲ.

ಬಿಲ್ಡರ್‌ನ ಹೊಸ ಪ್ರಾಜೆಕ್ಟಲ್ಲಿ ಏಜೆಂಟ್ ಮೂಲಕ ತಗೊಳ್ಳೋದಾದ್ರೆ ಆ ಏಜೆಂಟ್ ಕರ್ನಾಟಕ ರೇರಾದಲ್ಲಿ, ಅಂದ್ರೆ ಬಿಲ್ಡರ್, ಏಜೆಂಟ್‌ಗಳ ಮೇಲೆ ನಿಗಾ ಇಡೋ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ, ನೋಂದಣಿ ಆಗಿರ್ಲೇಬೇಕು. 2016ರ ರೇರಾ ಕಾಯ್ದೆ ಪ್ರಕಾರ ನೋಂದಣಿ ಇಲ್ದೆ ವ್ಯವಹಾರ ಮಾಡಿಸೋ ಏಜೆಂಟ್‌ಗೆ ದಿನಕ್ಕೆ 10 ಸಾವಿರದಂತೆ ಆ ಆಸ್ತಿ ಬೆಲೆಯ 5 ಪರ್ಸೆಂಟ್‌ವರೆಗೂ ದಂಡ ಬೀಳತ್ತೆ. ನಂಬರ್ ಕೇಳಿ, ರೇರಾ ವೆಬ್‌ಸೈಟಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ.

ಹೆಜ್ಜೆ 2: ಮನೆ ನೋಡೋಕೆ ಹೋಗೋ ಮುಂಚೆ ಫೋನಲ್ಲೇ ಕೇಳೋದು

ಸುಮ್ನೆ ಸುತ್ತಾಡೋದು ಕಮ್ಮಿ ಆಗತ್ತೆ. ಎ ಖಾತಾನಾ ಬಿ ಖಾತಾನಾ (ಖಾತಾ ಅಂದ್ರೆ ಪಾಲಿಕೆಯ ಆಸ್ತಿ ದಾಖಲೆ, ಎ ಅಂದ್ರೆ ಎಲ್ಲಾ ನಿಯಮಬದ್ಧ, ಬಿ ಅಂದ್ರೆ ಏನೋ ಕೊರತೆ ಇರೋದು), ಇ-ಖಾತಾ ಅಂದ್ರೆ ಡಿಜಿಟಲ್ ಖಾತಾ ಆಗಿದ್ಯಾ, ಓಸಿ ಅಂದ್ರೆ ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡೋ ಸ್ವಾಧೀನಾನುಭವ ಪತ್ರ ಇದ್ಯಾ, ಓನರ್ ಲೋನ್ ಬಾಕಿ ಇದ್ಯಾ, ಓನರ್ ಇಲ್ಲೇ ಇದಾರಾ ಫಾರಿನ್ನಲ್ಲಿದಾರಾ, ಕಾರ್ಪೆಟ್ ಏರಿಯಾ ಎಷ್ಟು. ಇಷ್ಟಕ್ಕೆ ಉತ್ತರ ಸಿಗದಿದ್ರೆ ಹೋಗ್ಲೇಬೇಡಿ.

ಇ-ಖಾತಾ ಯಾಕೆ ಮುಖ್ಯ ಅಂದ್ರೆ ಈಗ ಅದಿಲ್ದೆ ನಗರದಲ್ಲಿ ರಿಜಿಸ್ಟ್ರೇಷನ್ನೇ ಆಗಲ್ಲ. ಬಿ ಖಾತಾ ಇದ್ರೆ ಎಷ್ಟೋ ಬ್ಯಾಂಕ್ ಲೋನ್ ಕೊಡಲ್ಲ. "ಬಿಯಿಂದ ಎ ಮಾಡಿಸ್ಕೋಬಹುದು ಬಿಡಿ ಸರ್" ಅಂದ್ರೆ, ಮಾಡಿಸಿ ಕೊಡೋದು ಮಾರೋರ ಕೆಲಸ, ಮಾಡಿಸಿ ಕೊಟ್ಮೇಲೆ ಮಾತಾಡೋಣ ಅನ್ನಿ. ಓಸಿ ವಿಷಯದಲ್ಲೂ ಹಾಗೇ. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಓಸಿ ನೋಡಿದ್ಮೇಲೇ ಕರೆಂಟು ನೀರು ಕನೆಕ್ಷನ್ ಕೊಡ್ಬೇಕು ಅಂತ ಆದೇಶ ಕೊಟ್ಟಿದ್ದು ಎಷ್ಟೋ ಬಿಲ್ಡಿಂಗ್‌ನೋರಿಗೆ ತಲೆನೋವಾಗಿದೆ. ಅದಕ್ಕೇ ಇದನ್ನ ಮನೆ ಇಷ್ಟ ಆಗೋ ಮುಂಚೆ ಕೇಳಿ, ಇಷ್ಟ ಆದ್ಮೇಲೆ ಮನಸ್ಸು ಹೇಗೋ ಸಮಾಧಾನ ಮಾಡ್ಕೊಳ್ಳೋಕೆ ಶುರು ಮಾಡತ್ತೆ.

ಹೆಜ್ಜೆ 3: ಮೊದಲ ಭೇಟಿ ಬ್ರೋಕರ್ ಜೊತೆ, ಎರಡನೇದು ಬ್ರೋಕರ್ ಇಲ್ದೆ

ಮೊದಲ ಸಲ ಸುಮ್ನೆ ನೋಡಿ ಬನ್ನಿ. ಎರಡನೇ ಸಲ ಬೇರೆ ಹೊತ್ತಲ್ಲಿ, ಸಂಜೆ ಆಫೀಸ್ ಟ್ರಾಫಿಕ್ ಟೈಮಲ್ಲಿ, ಸಾಧ್ಯ ಆದ್ರೆ ಮಳೆ ಬಂದ ಮಾರನೇ ದಿನ, ನೀವೊಬ್ರೇ ಆ ಬಿಲ್ಡಿಂಗ್ ಹತ್ರ ಹೋಗಿ. ಸೆಕ್ಯುರಿಟಿ ಅಣ್ಣನ ಹತ್ರ ಮಾತಾಡಿ, ಇಸ್ತ್ರಿ ಅಂಗಡಿಯೋರನ್ನ ಕೇಳಿ, ಲಿಫ್ಟಲ್ಲಿ ಸಿಗೋ ಆಂಟಿ ಹತ್ರ "ನೀರು ಹೇಗಮ್ಮ ಇಲ್ಲಿ" ಅಂತ ಕೇಳಿ. ಬ್ರೋಕರ್ ಹೇಳದೆ ಇರೋದೆಲ್ಲಾ ಅಲ್ಲೇ ಸಿಗತ್ತೆ.

ನೀರಿನ ಪ್ರಶ್ನೆ ಬೆಂಗಳೂರಲ್ಲಿ ಎಲ್ಲಕ್ಕಿಂತ ದೊಡ್ಡದು, 2024ರ ಬೇಸಿಗೆಯಲ್ಲಿ ಇದ್ದೋರಿಗೆ ಹೇಳಬೇಕಾಗಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲಿ ಉದ್ಘಾಟನೆ ಆಯ್ತು, ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಕೊಡೋ ಯೋಜನೆ ಅದು. ಆದ್ರೆ ರೋಡಲ್ಲಿ ಕಾವೇರಿ ಪೈಪ್ ಹೋಗಿದೆ ಅಂದ ಮಾತ್ರಕ್ಕೆ ಆ ಅಪಾರ್ಟ್‌ಮೆಂಟ್ ಜಲಮಂಡಳಿಗೆ ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿದೆ ಅಂತಲ್ಲ. "ಕಾವೇರಿ ಇದೆ" ಅಂದ್ರೆ ಜಲಮಂಡಳಿ ಬಿಲ್ ತೋರಿಸಿ ಅನ್ನಿ. ಮಾರ್ಚ್, ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದ್ರು ಅಂತ ಅಸೋಸಿಯೇಷನ್ ಲೆಕ್ಕದಲ್ಲಿ ಇರತ್ತೆ, ಅದನ್ನೂ ಕೇಳಿ.

ತಗ್ಗು ಪ್ರದೇಶ, ರಾಜಕಾಲುವೆ ಪಕ್ಕ ಅಂತ ಅನುಮಾನ ಇದ್ರೆ ದಿಶಾಂಕ್ ಆಪ್ ಹಾಕ್ಕೊಳ್ಳಿ, ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸತ್ತೆ, ಸುತ್ತ ಕೆರೆ ಕಾಲುವೆ ಏನಿದೆ ಅಂತ ಅಂದಾಜು ಸಿಗತ್ತೆ. 2022ರ ಸೆಪ್ಟೆಂಬರಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನಾನ ಟ್ರ್ಯಾಕ್ಟರಲ್ಲಿ ಹೊರಗೆ ತಂದಿದ್ದು ನೆನಪಿರ್ಲಿ.

ಹೆಜ್ಜೆ 4: ಮನೆ ತಪಾಸಣೆ

ಇದಕ್ಕೆ ಅಂತಾನೇ ಹೋಮ್ ಇನ್‌ಸ್ಪೆಕ್ಷನ್ ಮಾಡೋ ಕಂಪನಿಗಳು ಬೆಂಗಳೂರಲ್ಲಿ ಇವೆ, ಸಾಮಾನ್ಯವಾಗಿ ಮನೆ ಸೈಜ್ ಲೆಕ್ಕದಲ್ಲಿ ಚಾರ್ಜ್ ಮಾಡ್ತಾರೆ, ತೇವ ಅಳೆಯೋ ಮೀಟರ್, ಥರ್ಮಲ್ ಕ್ಯಾಮೆರಾ ಎಲ್ಲಾ ತಂದು ಫೋಟೋ ಸಮೇತ ರಿಪೋರ್ಟ್ ಕೊಡ್ತಾರೆ. ಅಥವಾ ಪರಿಚಯದ ಸಿವಿಲ್ ಇಂಜಿನಿಯರ್ ಒಬ್ರು, ಎಲೆಕ್ಟ್ರಿಷಿಯನ್ ಒಬ್ರು ಜೊತೆಗೆ ಬಂದ್ರೂ ಸಾಕು. ಒಂದೇ ಷರತ್ತು, ಅವ್ರನ್ನ ಬ್ರೋಕರ್ ಕಳಿಸಿರ್ಬಾರ್ದು. ಬ್ಯಾಂಕಿಂದ ವ್ಯಾಲ್ಯುಯೇಷನ್‌ಗೆ ಬರ್ತಾರಲ್ಲ ಅದು ಸಾಕಾಗಲ್ವಾ ಅಂತ ತುಂಬಾ ಜನ ಕೇಳ್ತಾರೆ. ಸಾಕಾಗಲ್ಲ. ಬ್ಯಾಂಕಿನೋರು ನೋಡೋದು ಅವ್ರ ಸಾಲಕ್ಕೆ ಆ ಆಸ್ತಿ ಸಾಕಾ ಅಂತ, ನಿಮ್ಮ ಬಾತ್‌ರೂಮ್ ಸೋರತ್ತಾ ಅಂತಲ್ಲ.

ತೇವದಿಂದಲೇ ಶುರು ಮಾಡಿ, ಹಳೇ ಫ್ಲಾಟ್‌ಗಳಲ್ಲಿ ಮುಕ್ಕಾಲು ಪಾಲು ಗೋಳು ಅದೇ. ಬಾತ್‌ರೂಮಿಗೆ ಹೊಂದ್ಕೊಂಡಿರೋ ಬೆಡ್‌ರೂಮ್ ಗೋಡೇಲಿ, ಸ್ಕರ್ಟಿಂಗ್‌ನಿಂದ ಒಂದು ಗೇಣು ಮೇಲೆ ಅಂಗೈ ಇಟ್ಟು ನೋಡಿ, ಬೇರೆ ಗೋಡೆಗಿಂತ ತಣ್ಣಗಿದ್ರೆ, ಪೇಂಟ್ ಉಬ್ಬಿದ್ರೆ, ಬೆರಳಿಗೆ ಬಿಳಿ ಉಪ್ಪಿನ ಪುಡಿ ಹತ್ತಿದ್ರೆ ಒಳಗಿಂದ ನೀರು ಜಿನುಗ್ತಾ ಇದೆ. ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ರೆ ಯಾಕೆ ಅಂತ ಕೇಳಿ. ನಮ್ಮ ಚಿಕ್ಕಪ್ಪನ ಮಗಳಿಗೆ ಜೆಪಿ ನಗರದ ಕಡೆ ಫ್ಲಾಟ್ ನೋಡೋಕೆ ಹೋದಾಗ ಹೀಗೇ ಒಂದು ಗೋಡೆ ಮಾತ್ರ ಮಿರಮಿರ ಅಂತಿತ್ತು. ಪಕ್ಕದ ವಾರ್ಡ್‌ರೋಬ್ ತೆಗೆದು ಕೆಳಗಿನ ಶೆಲ್ಫಲ್ಲಿರೋ ಬೆಡ್‌ಶೀಟ್ ಸರಿಸಿದ್ರೆ ಹಿಂದಿನ ಪ್ಲೈ ಕಪ್ಪಾಗಿ ಬೂಷ್ಟು ಹಿಡಿದಿತ್ತು, ಮುಗ್ಗಲು ವಾಸನೆ. ಬ್ರೋಕರ್ "ಚಳಿಗೆ ಸ್ವಲ್ಪ ತೇವ ಅಷ್ಟೆ ಮೇಡಂ" ಅಂದ್ರು. ಕೆಳಗಿನ ಮನೆ ಬೆಲ್ ಮಾಡಿ ಕೇಳಿದ್ವಿ, ಅಲ್ಲಿನ ಅಜ್ಜಿ ಒಳಗೆ ಕರ್ಕೊಂಡು ಹೋಗಿ ಬಾತ್‌ರೂಮ್ ಸೀಲಿಂಗ್ ತೋರಿಸಿದ್ರು, ಕಂದು ಬಣ್ಣದ ವರ್ತುಲ, ಮಧ್ಯದಲ್ಲಿ ಹನಿ. "ಎರಡು ವರ್ಷದಿಂದ ಹೇಳ್ತಾನೇ ಇದೀವಿ ಕಣಮ್ಮ, ಮೇಲಿನೋರು ಕಿವಿಗೇ ಹಾಕ್ಕೊಳ್ತಿಲ್ಲ" ಅಂದ್ರು. ಕೊನೆಗೆ ಆ ಮನೇನೇ ತಗೊಂಡ್ಲು, ಆದ್ರೆ ಓನರ್ ಖರ್ಚಲ್ಲಿ ಬಾತ್‌ರೂಮ್ ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಿದ್ಮೇಲೇ ರಿಜಿಸ್ಟ್ರೇಷನ್ ಅಂತ ಅಗ್ರಿಮೆಂಟಲ್ಲಿ ಬರೆಸಿ.

ಅದಕ್ಕೇ ಹೇಳೋದು, ನಿಮ್ಮ ಬಾತ್‌ರೂಮಿನ ಸೋರಿಕೆ ಕಾಣೋದು ನಿಮ್ಮ ಮನೇಲಲ್ಲ, ಕೆಳಗಿನ ಮನೇಲಿ. ಕೆಳಗಿನ ಮನೆಗೆ ಹೋಗ್ದೆ ತಪಾಸಣೆ ಮುಗೀತು ಅನ್ಕೋಬೇಡಿ. ನಿಮ್ಮ ಬಾತ್‌ರೂಮಲ್ಲಿ ಫಾಲ್ಸ್ ಸೀಲಿಂಗ್ ಇದ್ರೆ ಒಂದು ಪ್ಯಾನೆಲ್ ಎತ್ತಿಸಿ ಟಾರ್ಚ್ ಬಿಟ್ಟು ಮೇಲಿನ ಮನೆ ಪೈಪು, ಸ್ಲ್ಯಾಬ್ ನೋಡಿ. ಬಾತ್‌ರೂಮ್ ನೆಲಕ್ಕೆ ಎರಡು ಬಕೆಟ್ ನೀರು ಸುರಿದು ನೀರೆಲ್ಲಾ ನಹಾನಿ ಟ್ರ್ಯಾಪ್ (ನೆಲದಲ್ಲಿ ನೀರು ಹೋಗೋ ಜಾಲರಿ) ಕಡೆಗೇ ಹೋಗತ್ತಾ ಮೂಲೇಲಿ ನಿಲ್ಲತ್ತಾ ನೋಡಿ. ಟಾಪ್ ಫ್ಲೋರ್ ಆದ್ರೆ ತಾರಸಿಗೆ ಹೋಗ್ಲೇಬೇಕು, ಅಲ್ಲಿ ನೀರು ನಿಂತಿರೋ ಪಾಚಿ ಗುರುತು ಇದ್ರೆ ಅದು ನಿಮ್ಮ ಬೆಡ್‌ರೂಮ್ ಮೇಲೇ ಇರತ್ತೆ.

ಬಿರುಕಿನ ವಿಷಯದಲ್ಲಿ ಗಾಬರಿ ಬೇಡ, ಪ್ಲಾಸ್ಟರ್ ಮೇಲೆ ಕೂದಲೆಳೆ ಬಿರುಕು ಎಲ್ಲಾ ಮನೇಲೂ ಇರತ್ತೆ. ಕಾಲಂ ಮತ್ತೆ ಇಟ್ಟಿಗೆ ಗೋಡೆ ಸೇರೋ ಜಾಗದಲ್ಲಿ ನೇರ ಗೆರೆ ಬಿಟ್ಟಿರೋದೂ ಸಾಮಾನ್ಯ. ಎಟಿಎಂ ಕಾರ್ಡ್ ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ ಇರತ್ತೆ, ಅದು ಬಿರುಕಿನೊಳಗೆ ಹೋಗತ್ತೆ ಅಂದ್ರೆ ಇಂಜಿನಿಯರ್‌ಗೆ ತೋರಿಸ್ಲೇಬೇಕು. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೋಗಿ ಅಗಲ ಆಗ್ತಾ ಇರೋದು, ಬೀಮು ಕಾಲಂ ಮೇಲೇ ಇರೋದು, ಸೀಲಿಂಗಲ್ಲಿ ಕಂಬಿ ಓಡಿರೋ ಉದ್ದಕ್ಕೂ ತುಕ್ಕಿನ ಬಣ್ಣ ಬಂದು ಪ್ಲಾಸ್ಟರ್ ಉದುರ್ತಾ ಇರೋದು, ಇವು ಮೂರು ಕಂಡ್ರೆ ಬೆಲೆ ಮಾತು ನಿಲ್ಲಿಸಿ ಮೊದ್ಲು ಸ್ಟ್ರಕ್ಚರಲ್ ಇಂಜಿನಿಯರನ್ನ ಕರೆಸಿ. ಪುಟ್ಟಿ ಹಾಕಿ ಮುಚ್ಚೋ ಸಮಸ್ಯೆ ಅಲ್ಲ ಅದು.

ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ, ಡಬ್ ಡಬ್ ಅಂತ ಪೊಳ್ಳು ಸದ್ದು ಬಂದ್ರೆ ಕೆಳಗೆ ಗಾರೆ ಹಿಡಿದಿಲ್ಲ. ಬಾಗಿಲ ಚೌಕಟ್ಟಿನ ಬುಡ, ಸಿಂಕ್ ಕೆಳಗಿನ ಕ್ಯಾಬಿನೆಟ್ ಹಿಂದೆ ಗೆದ್ದಲು ನೋಡಿ.

ಕರೆಂಟ್ ಕೆಲಸದಲ್ಲಿ ನೀವೇ ಮಾಡ್ಬಹುದಾದ ಪರೀಕ್ಷೆ ಒಂದಿದೆ, ಮನೆಯ ಮೇನ್ ಸ್ವಿಚ್‌ಗಳಿರೋ ಡಿಬಿ ಬಾಕ್ಸಲ್ಲಿ ಆರ್‌ಸಿಸಿಬಿ ಅಂತ ಇರತ್ತೆ, ಅದರ ಟೆಸ್ಟ್ ಬಟನ್ ಒತ್ತಿದ್ರೆ ಟಕ್ ಅಂತ ಟ್ರಿಪ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಶಾಕ್ ಹೊಡೆದಾಗ ಕಾಪಾಡೋ ಸಾಧನ ಕೆಟ್ಟಿದೆ ಅಂತ ಅರ್ಥ, ಅದು ಇಲ್ಲವೇ ಇಲ್ಲ ಅನ್ನೋ ಹಳೇ ಮನೆಗಳೂ ಇವೆ. ಮಕ್ಕಳಿರೋ ಮನೇಲಿ ಇದನ್ನ ದಯವಿಟ್ಟು ಬಿಡ್ಬೇಡಿ. ಅರ್ಥಿಂಗ್ ಎಲೆಕ್ಟ್ರಿಷಿಯನ್ ನೋಡ್ಲಿ. ಬೆಸ್ಕಾಂ ಬಿಲ್ ತಗೊಂಡು ಆರ್‌ಆರ್ ನಂಬರ್ (ಕನೆಕ್ಷನ್ ನಂಬರ್), ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಬಾಕಿ ಇದ್ಯಾ ನೋಡ್ಕೊಳ್ಳಿ, ಎಸಿ ಇಂಡಕ್ಷನ್ ಗೀಸರ್ ಎಲ್ಲಾ ಹಾಕೋರಿಗೆ ಹಳೇ ಲೋಡ್ ಸಾಲಲ್ಲ.

ಅಡುಗೆಮನೆ ನಲ್ಲಿ, ಬಾತ್‌ರೂಮ್ ಶವರ್ ಒಟ್ಟಿಗೇ ಬಿಟ್ಟು ಪ್ರೆಶರ್ ನೋಡಿ, ನಲ್ಲಿ ತುದೀಲಿ ಬಿಳಿ ಪಟ್ಟೆ ಕಟ್ಟಿದ್ರೆ ಬೋರ್‌ವೆಲ್ ಗಡಸು ನೀರು, ಗೀಸರ್ ಬೇಗ ಹೋಗತ್ತೆ.

ಅಳತೆ ನೀವೇ ತಗೊಳ್ಳಿ. ರೇರಾ ಪ್ರಕಾರ ಕಾರ್ಪೆಟ್ ಏರಿಯಾ ಅಂದ್ರೆ ಒಳಗಿನ ಬಳಸೋ ಜಾಗ, ಒಳಗೋಡೆಗಳು ಸೇರತ್ತೆ, ಹೊರಗೋಡೆ, ಡಕ್ಟು, ಬಾಲ್ಕನಿ ಸೇರಲ್ಲ. 1,400 ಸ್ಕ್ವೇರ್ ಫೀಟ್ ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟ್‌ನಂಥ ಎಲ್ಲರ ಜಾಗದ ಪಾಲೂ ಸೇರಿದ ಲೆಕ್ಕ) ಅಂದ ಫ್ಲಾಟಲ್ಲಿ ಕಾರ್ಪೆಟ್ ಸಾವಿರದ ಒಳಗೆ ಬಂದ್ರೂ ಆಶ್ಚರ್ಯ ಪಡ್ಬೇಡಿ. ಎರಡು ಮನೆ ಹೋಲಿಸೋವಾಗ ಕಾರ್ಪೆಟ್ ಲೆಕ್ಕದಲ್ಲೇ ಹೋಲಿಸಿ. ಪಾರ್ಕಿಂಗ್ ಜಾಗಕ್ಕೆ ನಿಮ್ಮ ಕಾರನ್ನೇ ತಗೊಂಡೋಗಿ ನಿಲ್ಲಿಸಿ ಬಾಗಿಲು ತೆಗೆಯೋಕೆ ಆಗತ್ತಾ ನೋಡಿ, ಪಿಲ್ಲರ್ ಮಧ್ಯೆ ಸಿಕ್ಕೊಳ್ಳೋ ಪಾರ್ಕಿಂಗ್‌ಗಳು ತುಂಬಾ ಇವೆ, ಆ ನಂಬರ್ ಕ್ರಯಪತ್ರದಲ್ಲಿ ಇದ್ಯಾ ಅನ್ನೋದೂ ಮುಖ್ಯ.

ಬಿಲ್ಡಿಂಗ್ ಹೊಸದಾಗಿ ಕೈಗೆ ಬಂದಿದ್ರೆ ಇನ್ನೊಂದು ರಕ್ಷಣೆ ಇದೆ: ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದಲ್ಲಿ ದೋಷ ಕಂಡು ತಿಳಿಸಿದ್ರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡ್ಬೇಕು ಅಂತ ರೇರಾ ಹೇಳತ್ತೆ. ಹಾಗಾಗಿ ಕಂಡಿದ್ದನ್ನ ಇಮೇಲಲ್ಲೇ ಬರೆದು ತಿಳಿಸಿ, ಫೋಟೋ ತಾರೀಖು ಇರ್ಲಿ.

ಹೆಜ್ಜೆ 5: ಪೇಪರ್ಸ್

ಇದು ವಕೀಲರ ಕೆಲಸ, ನಿಮ್ಮದೇ ವಕೀಲರನ್ನ ಇಟ್ಕೊಳ್ಳಿ, ಬ್ಯಾಂಕ್ ಪ್ಯಾನೆಲ್ ಲಾಯರ್ ನೋಡಿದಾರೆ ಅಂತ ಬಿಡ್ಬೇಡಿ. ಆದ್ರೂ ಟೋಕನ್‌ಗೆ ಮುಂಚೆ ಜೆರಾಕ್ಸ್ ತರಿಸ್ಕೊಂಡು ನೀವೇ ನೋಡ್ಬೇಕಾದ್ದು ಇದೆ. ಓನರ್ ಹೆಸರಿನ ಕ್ರಯಪತ್ರ, ಮದರ್ ಡೀಡ್ (ಆಸ್ತಿಯ ಮೂಲ ಪತ್ರ), ಇ-ಖಾತಾ, ಈ ವರ್ಷದ ಕಂದಾಯ ರಸೀದಿ, ಓಸಿ, ಅಸೋಸಿಯೇಷನ್ ನೋ ಡ್ಯೂಸ್. ಇಸಿಯನ್ನ, ಅಂದ್ರೆ ಆಸ್ತಿ ಮೇಲೆ ನೋಂದಣಿ ಆಗಿರೋ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರಾನ, ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಲ್ಲಿ ನೀವೇ ತೆಗೀರಿ, ಅವ್ರು ಕೊಟ್ಟ ಪ್ರತಿ ಮೇಲೆ ಕೂರ್ಬೇಡಿ. ಆನ್‌ಲೈನಲ್ಲಿ 2004ರ ಏಪ್ರಿಲ್ 1ರಿಂದ ಈಚಿನದು ಸಿಗತ್ತೆ, ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸೇ ಗತಿ. ಇಸಿ ಕ್ಲೀನ್ ಇದೆ ಅಂದ್ರೆ ಎಲ್ಲಾ ಕ್ಲೀನ್ ಅಂತಲ್ಲ, ರಿಜಿಸ್ಟರ್ ಆಗದ ಅಗ್ರಿಮೆಂಟು, ಅಣ್ತಮ್ಮಂದಿರ ಪಾಲಿನ ತಗಾದೆ ಅದರಲ್ಲಿ ಬರಲ್ಲ. ಜಿಪಿಎ (ಬೇರೆಯೋರ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಮೇಲೆ ಮಾರ್ತೀವಿ ಅನ್ನೋರಿದ್ರೆ 2011ರಲ್ಲೇ ಸುಪ್ರೀಂ ಕೋರ್ಟ್ ಬರೀ ಜಿಪಿಎಯಿಂದ ಮಾಲೀಕತ್ವ ವರ್ಗ ಆಗಲ್ಲ ಅಂತ ಹೇಳಿಯಾಗಿದೆ, ನೋಂದಣಿ ಆದ ಕ್ರಯಪತ್ರಾನೇ ಬೇಕು.

ಓನರ್ ಲೋನ್ ಇದ್ರೆ ಒರಿಜಿನಲ್ಸ್ ಅವ್ರ ಬ್ಯಾಂಕಲ್ಲಿರತ್ತೆ, ಅಲ್ಲಿಂದ ದಾಖಲೆಗಳ ಪಟ್ಟಿ ಮತ್ತೆ ಬಾಕಿ ಎಷ್ಟು ಅನ್ನೋ ಪತ್ರ ತರಿಸಿ, ನಿಮ್ಮ ದುಡ್ಡಲ್ಲಿ ಮೊದಲ ಭಾಗ ನೇರವಾಗಿ ಆ ಲೋನ್ ಅಕೌಂಟಿಗೇ ಹೋಗ್ಲಿ.

ಹೆಜ್ಜೆ 6: ಈಗ ಬೆಲೆ, ಈಗ ಟೋಕನ್

ತಪಾಸಣೆಯಲ್ಲಿ ಕಂಡಿದ್ದಕ್ಕೆಲ್ಲಾ ರಿಪೇರಿ ಅಂದಾಜು ಬರೆಸಿ, ಒಟ್ಟು ಎಷ್ಟಾಗತ್ತೆ ಅಂತ ಕೈಯಲ್ಲಿ ಹಿಡ್ಕೊಂಡು ಓನರ್ ಎದುರೇ ಕೂತು ಮಾತಾಡಿ, ಬ್ರೋಕರ್ ಇರ್ಲಿ ಆದ್ರೆ ಮಾತು ಅವ್ರ ಮೂಲಕ ಮಾತ್ರ ಹೋಗ್ಬಾರ್ದು. "ಸ್ವಲ್ಪ ಕಮ್ಮಿ ಮಾಡಿ" ಅನ್ನೋದಕ್ಕಿಂತ "ಬಾತ್‌ರೂಮ್ ವಾಟರ್‌ಪ್ರೂಫಿಂಗಿಗೆ ಇಷ್ಟು, ವೈರಿಂಗಿಗೆ ಇಷ್ಟು, ನೀವು ಮಾಡಿಸಿ ಕೊಡ್ತೀರಾ ಬೆಲೇಲಿ ಕಳೀತೀರಾ" ಅಂತ ಕೇಳಿದ್ರೆ ಉತ್ತರಾನೂ ಸರಿಯಾಗಿ ಬರತ್ತೆ.

ಟೋಕನ್ ಚಿಕ್ಕದಿರ್ಲಿ, ಬ್ಯಾಂಕ್ ಮೂಲಕವೇ ಹೋಗ್ಲಿ, ಓನರ್ ಅಕೌಂಟಿಗೇ ಹೋಗ್ಲಿ, ಬ್ರೋಕರ್ ಅಕೌಂಟಿಗಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಡೋದು ತಗೊಳ್ಳೋದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಬ್ಲ್ಯಾಕ್ ವೈಟ್ ಅಂತ ಯಾರೇ ಆಸೆ ತೋರಿಸಿದ್ರೂ ಒಪ್ಕೋಬೇಡಿ. ಟೋಕನ್ ರಸೀದಿಯಲ್ಲಿ ಒಂದು ವಾಕ್ಯ ಇರ್ಲೇಬೇಕು: ಟೈಟಲ್ ಸರಿ ಇಲ್ಲ ಅಂತ ವಕೀಲರು ಹೇಳಿದ್ರೆ, ಅಥವಾ ದಾಖಲೆ ಕಾರಣಕ್ಕೆ ಲೋನ್ ಆಗದಿದ್ರೆ, ಇಷ್ಟು ದಿನದಲ್ಲಿ ಪೂರ್ತಿ ವಾಪಸ್. ಅಮೆರಿಕದಲ್ಲಿರೋ ನಮ್ಮೋರಿಗೆ ಇನ್‌ಸ್ಪೆಕ್ಷನ್ ಷರತ್ತು ಅನ್ನೋದು ಒಪ್ಪಂದದಲ್ಲಿ ಮಾಮೂಲಿ ಅನ್ಸಿರತ್ತೆ, ಇಲ್ಲಿ ಅದು ತಾನಾಗೇ ಬರಲ್ಲ, ನೀವೇ ಬರೆಸ್ಬೇಕು. ದೂರದಿಂದ ತಗೊಳ್ಳೋರು ವಿಡಿಯೋ ಕಾಲ್ ನೋಡಿ ಟೋಕನ್ ಹಾಕೋ ಬದಲು ಇಲ್ಲಿರೋ ತಂಗಿನೋ ಭಾವನೋ ಇನ್‌ಸ್ಪೆಕ್ಟರ್ ಜೊತೆ ಹೋಗೋ ಹಾಗೆ ಮಾಡಿ.

ಒಟ್ಟು ಖರ್ಚಿನ ಲೆಕ್ಕ ಇದೇ ಹೊತ್ತಲ್ಲಿ ಹಾಕ್ಕೊಳ್ಳಿ. 45 ಲಕ್ಷ ಮೀರಿದ ಆಸ್ತಿಗೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ನಗರದಲ್ಲಿ ಸೆಸ್ ಸರ್‌ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಪರ್ಸೆಂಟ್. ಅಂದ್ರೆ 80 ಲಕ್ಷಕ್ಕೆ 6 ಲಕ್ಷದ 8 ಸಾವಿರ. ಮಾರ್ಗಸೂಚಿ ದರ, ಅಂದ್ರೆ ಆ ಏರಿಯಾಗೆ ಸರ್ಕಾರ ಗೊತ್ತು ಮಾಡಿದ ಬೆಲೆ, ಹೆಚ್ಚಿದ್ರೆ ಅದರ ಮೇಲೆ ಲೆಕ್ಕ. ಬೆಲೆ 50 ಲಕ್ಷ ಅಥವಾ ಮೇಲಿದ್ರೆ ಮಾರೋರಿಗೆ ಕೊಡೋ ದುಡ್ಡಿಂದ 1 ಪರ್ಸೆಂಟ್ ಟಿಡಿಎಸ್ (ಮೂಲದಲ್ಲೇ ಮುರಿಯೋ ತೆರಿಗೆ) ಹಿಡಿದು ಕಟ್ಟೋ ಜವಾಬ್ದಾರಿ ಕೊಳ್ಳೋರದು. ಮಾರೋರು ಎನ್‌ಆರ್‌ಐ ಆದ್ರೆ ಹಿಡಿಯೋದು ಇದಕ್ಕಿಂತ ಬಹಳ ಜಾಸ್ತಿ, ಸಿಎ ಕೇಳದೆ ಮುಂದೆ ಹೋಗ್ಬೇಡಿ.

ಹೆಜ್ಜೆ 7: ರಿಜಿಸ್ಟ್ರೇಷನ್ ದಿನ

ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ದಾರೀಲಿ ಮನೆಗೆ ಹೋಗಿ ಬನ್ನಿ. ಬಾಡಿಗೆಯೋರು ಖಾಲಿ ಮಾಡಿದಾರಾ, ಒಪ್ಪಿದ್ದ ರಿಪೇರಿ ಆಗಿದ್ಯಾ, ಬಿಟ್ಟು ಹೋಗ್ತೀವಿ ಅಂದಿದ್ದ ಗೀಸರ್, ಫ್ಯಾನು, ಮಾಡ್ಯುಲರ್ ಕಿಚನ್ ಚಿಮಣಿ ಇದ್ಯಾ ನೋಡಿ, ಬೆಸ್ಕಾಂ ಮೀಟರ್ ರೀಡಿಂಗ್ ಫೋಟೋ ತೆಗೆದಿಟ್ಕೊಳ್ಳಿ. ವಾಟರ್‌ಪ್ರೂಫಿಂಗ್ ಮಾಡಿಸಿದ್ರೆ ಮತ್ತೆ ಕೆಳಗಿನ ಮನೆ ಸೀಲಿಂಗ್ ನೋಡಿ ಬನ್ನಿ. ಏನಾದ್ರೂ ಬಾಕಿ ಇದ್ರೆ ಸಹಿ ಆಗೋ ಮುಂಚೆ ಅದರ ಮೊತ್ತ ಕಳೆದು ಡಿಡಿ ಮಾಡಿಸೋದೋ, ದಿನ ಮುಂದಕ್ಕೆ ಹಾಕೋದೋ ನಿರ್ಧಾರ ಆಗ್ಬೇಕು.

ಕೀ ಎಷ್ಟಿದ್ಯೋ ಅಷ್ಟೂ, ಒರಿಜಿನಲ್ ದಾಖಲೆಗಳು, ಅಸೋಸಿಯೇಷನ್ ಮೆಂಬರ್‌ಶಿಪ್ ಮತ್ತೆ ಕಾರ್ಪಸ್ ಫಂಡ್ (ಅಸೋಸಿಯೇಷನ್‌ನಲ್ಲಿಟ್ಟಿರೋ ಠೇವಣಿ) ವರ್ಗಾವಣೆ ಪತ್ರ ಕೈಗೆ ಬಂದ್ಮೇಲೆ ಬ್ರೋಕರ್ ಕಮಿಷನ್ ಬ್ಯಾಂಕ್ ಮೂಲಕ ಕೊಟ್ಟು ಬಿಲ್ ತಗೊಳ್ಳಿ. ಆಮೇಲೆ ಇ-ಖಾತಾ ನಿಮ್ಮ ಹೆಸರಿಗೆ ಮಾಡಿಸೋದು, ಬೆಸ್ಕಾಂ ಹೆಸರು ಬದಲಾವಣೆ, ಹಳೇ ಓನರ್ ಲೋನ್ ತೀರಿದ್ದು ಇಸಿಯಲ್ಲಿ ಬಂದಿದ್ಯಾ ಅಂತ ಇನ್ನೊಂದು ಸಲ ಇಸಿ ತೆಗೆದು ನೋಡೋದು ಬಾಕಿ ಇರತ್ತೆ, ಮೂರನ್ನೂ ಅದೇ ತಿಂಗಳಲ್ಲಿ ಶುರು ಮಾಡ್ಬಿಡಿ.